ದೀಪ ಹಚ್ಚಿದ ಮೇಲೆ ಕೊಟ್ಟ ಹೆಪ್ಪು

ಕಾಕು ಹಾಲಿನ ಹದ ನೋಡುತ್ತಿದ್ದದ್ದು ಬಲಗೈಯ ಕಿರುಬೆರಳಿನಿಂದ. ಕಾಸಿದ ಹಾಲು ಆರುತ್ತಿರುವಾಗ ಕೆನೆಯನ್ನು ಒಂದು ಪಕ್ಕಕ್ಕೆ ಸರಿಸಿ, ಬೆರಳನ್ನು ಮೊದಲ ಗೆಣ್ಣಿನ ತನಕ ಅದ್ದಿ, ಕಣ್ಣು ಮುಚ್ಚುತ್ತಿದ್ದಳು. ಮೈಯೆಲ್ಲ ಬಿಸಿಲಿಗೆ ಕಂದಿದ್ದರೂ ಆ ಬೆರಳ ತುದಿ ಮಾತ್ರ ಎಳೆ ಕೂಸಿನ ಬೆರಳಿನ ಹಾಗೆ ಬೆಳ್ಳಗೆ, ಮೆತ್ತಗೆ ಇತ್ತು. ಬಿಸಿ ಹೆಚ್ಚಿದ್ದರೆ "ಇನ್ನೂ ಸಿಟ್ಟಿನ್ಯಾಗ ಐತಿ" ಅನ್ನುತ್ತಿದ್ದಳು. ಆರಿ ಹೋಗಿದ್ದರೆ "ಮುನಿಸಿಕೊಂಡೈತಿ, ಮತ್ತ ಒಲಿಗೆ ಇಡು" ಅನ್ನುತ್ತಿದ್ದಳು. ಹದವಾಗಿದ್ದರೆ ಮಾತೇ ಇಲ್ಲ. ಬೆರಳನ್ನು ಸೆರಗಿಗೆ ಒರೆಸಿ ಹೆಪ್ಪು ಹಾಕಿಬಿಡುತ್ತಿದ್ದಳು.

ಕೊನೆಯ ವರ್ಷಗಳಲ್ಲಿ ಆ ಬೆರಳು ಸೊಟ್ಟಗಾಗಿತ್ತು. ನಡುಗೆಣ್ಣಿನಲ್ಲಿ ಹೊರಕ್ಕೆ ಬಾಗಿ, ಉಳಿದ ಬೆರಳುಗಳ ಜೊತೆ ಕೂಡದೆ ತಾನೊಂದೇ ನಿಂತಿರುತ್ತಿತ್ತು. ಅದು ಹಾಗಾದಾಗ ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಎಳೆ ಕಬ್ಬಿನ ತುದಿ ಮುರಿದಷ್ಟೇ ಸದ್ದು. ಈಗಲೂ ಯಾರಾದರೂ ಕಬ್ಬು ಮುರಿದರೆ ನನ್ನ ಕೈ ತಾನಾಗಿಯೇ ಬಾಗಿಲ ಅಗಳಿ ಹುಡುಕುತ್ತದೆ.

ಅವಳು ನನಗೆ ಸಂಬಂಧದಲ್ಲಿ ಕಾಕು, ಅಂದರೆ ಚಿಕ್ಕಮ್ಮ, ಅಲ್ಲ. ಓಣಿಗೆಲ್ಲ ಕಾಕು. ನಮ್ಮದು ರಾಯಬಾಗ ಕಡೆಯ, ಕೃಷ್ಣೆಯ ದಂಡೆಯ ಊರು. ಸುತ್ತ ಕಬ್ಬು, ನಡುವೆ ಮನೆಗಳು, ಮನೆಗೊಂದು ಎರಡು ಎಮ್ಮೆ. ಕಾಕುವಿನ ಗಂಡ ತೀರಿಕೊಂಡಾಗ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳಂತೆ. ಆ ಮಗಳನ್ನು ಎಮ್ಮೆಯ ಹಾಲಿನ ಮೇಲೆಯೇ ಬೆಳೆಸಿ, ಓದಿಸಿ, ಪುಣೆ ಕಡೆಗೆ ಮದುವೆ ಮಾಡಿಕೊಟ್ಟಿದ್ದಳು. ಮಗಳು ಕರೆದರೆ ಹೋಗುತ್ತಿರಲಿಲ್ಲ. "ಅಲ್ಲಿ ಎಮ್ಮಿ ಎಲ್ಲಿ ಕಟ್ಟಲಿ, ಲಿಫ್ಟಿನ್ಯಾಗ?" ಅನ್ನುತ್ತಿದ್ದಳು. ಮನೆಯ ಹಿಂದೆ ಅವಳಿಗೊಂದು ಅಗಲವಾದ ಹಿತ್ತಿಲಿತ್ತು. ಅದನ್ನು ತನಗೆ ಬಿಟ್ಟುಕೊಡು ಎಂದು ಮೈದುನನ ಮಗ ಹಬ್ಬಕ್ಕೊಮ್ಮೆ ಬಂದು ಕೇಳುತ್ತಿದ್ದ. ಅವಳು ಅವನಿಗೆ ಹೊಟ್ಟೆ ತುಂಬ ಉಣ್ಣಿಸಿ, "ಹಿತ್ತಲ ನನ್ನ ಎಮ್ಮಿ ಹೆಸರಿಗೆ ಐತಿ, ಆಕಿನ್ನ ಕೇಳಿ ನೋಡು" ಎಂದು ಕಳಿಸುತ್ತಿದ್ದಳು. ಶ್ರಾವಣದಲ್ಲಿ ಯಡೂರಿನ ವೀರಭದ್ರನಿಗೆ ನಡೆದು ಹೋಗುವವರಿಗೆ ಅವಳ ಕಟ್ಟೆಯ ಮೇಲೆ ಒಂದು ದೊಡ್ಡ ಹಂಡೆ ಮಜ್ಜಿಗೆ ಇರುತ್ತಿತ್ತು. ಕುಡಿದವರು "ಭಾರೀ ಆಗೇತ್ರಿ ಅವ್ವಾರ" ಅಂದರೆ "ಹಂಗಂದ್ರ ಇನ್ನೊಂದ ಲೋಟ ಕುಡೀರಿ. ಬರೇ ಹೊಗಳಿ ಹೋಗಬ್ಯಾಡ್ರಿ" ಅನ್ನುವಳು.

ಓಣಿಯ ಎಲ್ಲರ ಮನೆಯ ಮೊಸರಿಗೂ ಹೆಪ್ಪು ಅವಳದೇ. ಬೇಸಿಗೆಯಲ್ಲಿ ಹುಳಿಯಾಗಿಯೋ, ಚಳಿಯಲ್ಲಿ ಹೆಪ್ಪುಗಟ್ಟದೆಯೋ, ಊರಿಗೆ ಹೋಗಿ ಬಂದಾಗ ಬೂಸ್ಟು ಹಿಡಿದೋ ಯಾರ ಮನೆಯ ಮೊಸರು ಕೆಟ್ಟರೂ ಒಂದು ವಾಟಿ, ಸಣ್ಣ ಬಟ್ಟಲು, ಹಿಡಿದು ಅವಳ ಬಾಗಿಲಿಗೆ ಹೋಗುವುದು ರೂಢಿ. ನಾನು ಕಾಲೇಜಿನಲ್ಲಿ ಓದಿ ಬಂದು, ಹೆಪ್ಪಿನೊಳಗೆ ಕಣ್ಣಿಗೆ ಕಾಣದ ಜೀವಿಗಳು ಇರುತ್ತವೆ ಎಂದು ಹೇಳಿದಾಗ ಅವಳಿಗೆ ಬಹಳ ಖುಷಿಯಾಗಿತ್ತು. "ಜೀವ ಐತಿ ಅಂತ ನಿಮ್ಮ ಪುಸ್ತಕದಾಗೂ ಬರದಾರೇನ? ಚಲೋ ಆತು. ಇನ್ನ ಮ್ಯಾಲ ಗಡಿಗಿಗೆ ಬೈಯೂದಿಲ್ಲ ಬಿಡು" ಅಂದಿದ್ದಳು.

ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾಲು, ಮೊಸರು, ಹೆಪ್ಪು ಮನೆಯಿಂದ ಹೊರಗೆ ಕೊಡುವುದಿಲ್ಲ. ಕೊಟ್ಟರೆ ಲಕ್ಷ್ಮಿ ಹೊರಟು ಹೋಗುತ್ತಾಳೆ, ಎಮ್ಮೆಯ ಕೆಚ್ಚಲು ಬತ್ತುತ್ತದೆ ಎಂಬ ಮಾತು. ಆದರೆ ಕಬ್ಬಿನ ಕೆಲಸಕ್ಕೆ ಹೋದ ಹೆಂಗಸರು ಹೊತ್ತು ಮುಳುಗಿದ ಮೇಲೆಯೇ ಮನೆ ಮುಟ್ಟುತ್ತಾರೆ. ಅವರಿಗೆ ಹೆಪ್ಪು ಬೇಕಾಗುವುದೂ ಆಗಲೇ. ಕಾಕು ಯಾರನ್ನೂ ಬರಿಗೈಲಿ ಕಳಿಸುತ್ತಿರಲಿಲ್ಲ. ಆದರೆ ಕತ್ತಲಾದ ಮೇಲೆ ಕೊಡುವ ಹೆಪ್ಪಿನಲ್ಲಿ ಒಂದು ಒಣ ಮೆಣಸಿನಕಾಯಿ ಇಡುತ್ತಿದ್ದಳು. ಬಿಳಿಯದು ಕತ್ತಲಲ್ಲಿ ಓಣಿ ದಾಟುವಾಗ ಅದಕ್ಕೆ, ಅದನ್ನು ಒಯ್ಯುವವಳಿಗೆ ದೃಷ್ಟಿ ತಗಲಬಾರದು ಎಂದು. ಮನೆಗೆ ಹೋಗಿ ಮೆಣಸಿನಕಾಯಿಯನ್ನು ಒಲೆಗೆ ಹಾಕಿದರೆ ಮುಗಿಯಿತು. ಓಣಿಯ ಪ್ರತಿ ಹೆಂಗಸಿಗೂ ಇದು ಗೊತ್ತಿತ್ತು.

ಎದುರಿನ ಮೂಲೆಮನೆಯ ಆಯಿ ಕಾಕುವಿನ ಗೆಳತಿ. ಕಾಕುವಿಗಿಂತ ಹಿರಿಯಳು. ಅವರಿಬ್ಬರ ಗೆಳೆತನ ಬೈಗುಳದ ಮೇಲೆ ನಿಂತಿತ್ತು.

"ನಿನ್ನ ಎಮ್ಮಿಗೆ ನಿನ್ನಂಗ ಬಾಯಿ ಜಾಸ್ತಿ ಬೇ. ಒದರೂದ ಕೇಳಿ ನನ್ನ ನಿದ್ದಿ ಹಾರಿ ಹೋತು" ಎಂದು ಆಯಿ ಬೆಳಗ್ಗೆ ಎದ್ದ ಕೂಡಲೇ ಕಟ್ಟೆಯಿಂದ ಕೂಗುವಳು.

"ನಿನಗ ನಿದ್ದಿ ಯಾವಾಗ ಇತ್ತ? ಓಣಿ ಸುದ್ದಿ ಮುಗೀದ ಕಣ್ಣ ಮುಚ್ಚಾಕಿ ಅಲ್ಲ ನೀ" ಎಂದು ಕಾಕು ಸಗಣಿ ಬಳಿಯುತ್ತ ಉತ್ತರ ಕೊಡುವಳು.

ಆಮೇಲೆ ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುವರು.

ಆ ವರ್ಷ ನಾನು ಚಿಕ್ಕೋಡಿಯಲ್ಲಿ ಬಿ.ಎಸ್ಸಿ. ಮುಗಿಸಿ, ಬಿ.ಎಡ್. ಸೀಟಿಗಾಗಿ ಕಾಯುತ್ತ ಮನೆಯಲ್ಲಿದ್ದೆ. ಮಳೆಗಾಲದ ಕೊನೆಯಲ್ಲಿ ಮೂಲೆಮನೆಯ ಎಮ್ಮೆಗೆ ಕೆಚ್ಚಲು ಬಾವು ಬಂತು. ಹಾಲಿನಲ್ಲಿ ರಕ್ತ ಬಿತ್ತು. ಅದರ ಹಿಂದೆಯೇ ಆಯಿಯ ಮೊಮ್ಮಗನಿಗೆ ಜ್ವರ. ಇನ್ನೂ ಅಂಗನವಾಡಿಗೂ ಸೇರಿರದ ಕೂಸು. ಜ್ವರ ಏರಿದಾಗ ಕೈಕಾಲು ಸೆಟೆದು, ಕಣ್ಣು ಮೇಲೆ ಮಾಡಿಬಿಡುತ್ತಿತ್ತು. ಕೂಸಿನ ಅಪ್ಪ, ನಾನು ಅಣ್ಣ ಅನ್ನುತ್ತಿದ್ದವನು, ದವಾಖಾನೆಯಿಂದ ತಂದ ಔಷಧವನ್ನು ಅರ್ಧಕ್ಕೇ ಬಿಡಿಸಿ ಗಡಿಯಾಚೆಯ ಒಬ್ಬ ದೇವರಿಶಿಯ ಹತ್ತಿರ ಹೋದ. ದೇವರು ಮೈಮೇಲೆ ಬಂದು ಕೇಳಿದ್ದಕ್ಕೆ ಉತ್ತರ ಹೇಳುವವನು ಅವನು.

ಅಲ್ಲಿ ನಡೆದದ್ದನ್ನು ಕೂಸಿನ ತಾಯಿ, ನಮ್ಮ ವೈನಿ, ಆಮೇಲೆ ನನಗೆ ಹೇಳಿದಳು. ಅವಳು ಮೀರಜ ಕಡೆಯವಳು, ನಮ್ಮ ಓಣಿಗೆ ಹೊಸಬಳು, ಮೆಣಸಿನಕಾಯಿ ಇಡುವುದು ಯಾಕೆಂದು ಇನ್ನೂ ತಿಳಿಯದವಳು. ದೇವರಿಶಿ ಕೇಳಿದನಂತೆ: "ಹೊತ್ತ ಮುಳಗಿದ ಮ್ಯಾಲ ನಿಮ್ಮ ಮನಿಗೆ ಬಿಳೇದ ಕೊಟ್ಟಾರು ಯಾರು?" ವೈನಿ ಯೋಚಿಸಿ, ಎದುರುಮನೆಯ ಕಾಕು ಹೆಪ್ಪು ಕೊಟ್ಟಿದ್ದಾಳೆ ಅಂದಳು. "ಅದರಾಗ ಏನರ ಇತ್ತೇನ?" ಇತ್ತು, ಒಂದು ಒಣ ಮೆಣಸಿನಕಾಯಿ. "ಆಕಿಗೆ ಗಂಡ ಅದಾನೇನ?" ಇಲ್ಲ. ದೇವರಿಶಿ ಲಿಂಬೆಹಣ್ಣು ಕೊಯ್ದು ಕೆಳಗಿಟ್ಟ. "ಮತ್ತ ನನ್ನ ಏನ ಕೇಳತೀರಿ? ಮಾಟ ಮಾಡಿದಾಕಿ ನಿಮ್ಮ ಬಾಗಲದಾಗ ಕುಂತಾಳ."

ದೃಷ್ಟಿ ತಗಲಬಾರದೆಂದು ಇಟ್ಟದ್ದೇ ಮಾಟವಾಯಿತು. ಓಣಿಯಲ್ಲಿ ಒಬ್ಬರಾದರೂ ಆಗಲೇ ಬಾಯಿ ಬಿಟ್ಟು, "ಹುಚ್ಚರಾ, ಅದು ನಮ್ಮೆಲ್ಲಾರ ವಾಟ್ಯಾಗೂ ಇರತೈತಿ" ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಅನ್ನಲಿಲ್ಲ. ಅಂದರೆ ನಾಳೆ ತಮ್ಮ ಮನೆಯ ಕಡೆ ಬೆರಳು ತಿರುಗೀತೆಂಬ ಭಯ. ಸಂಜೆ ವಾಟಿ ಹಿಡಿದು ಬರುವವರು ನಿಂತರು. ಕಾಕು ಓಣಿಯಲ್ಲಿ ನಡೆದರೆ ತಾಯಂದಿರು ಮಕ್ಕಳನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರು. ಅವಳ ಬಾಗಿಲ ಮುಂದೆ ಕುಂಕುಮ ಹಚ್ಚಿದ ಲಿಂಬೆಹಣ್ಣುಗಳು ಬೀಳತೊಡಗಿದವು.

ಕಾಕು ಅವನ್ನು ಆರಿಸಿ, ಉಜ್ಜಿ ತೊಳೆದು, ಉಪ್ಪು ಖಾರ ಹಾಕಿ ಉಪ್ಪಿನಕಾಯಿ ಮಾಡಿದಳು.

"ಕಾಕು, ಅದನ್ನ ಯಾಕ ಮುಟ್ಟತಿ? ಒಗದ ಬಿಡು" ಅಂದೆ ನಾನು. ವಿಜ್ಞಾನ ಓದಿದವಳಾದ ನಾನೂ ಒಂದು ಹೆಜ್ಜೆ ದೂರವೇ ನಿಂತಿದ್ದೆ.

"ಸಂತ್ಯಾಗ ಲಿಂಬಿಹಣ್ಣಿನ ರೇಟ ಕೇಳೀಯೇನ? ಪುಕ್ಕಟ ಮನಿಗೆ ಬಂದ್ರ ಒಲ್ಲೆ ಅನ್ನಲಿ? ಇವತ್ತ ಒಂದ ಕೊಳತದ್ದ ಒಗದಾರ ನೋಡು, ಮಾಟ ಮಾಡೂದ್ರಾಗೂ ಜಿಪುಣತನ" ಎಂದು ರೊಟ್ಟಿಯ ಮೇಲೆ ಒಂದು ಹೋಳು ಹಾಕಿ ನನ್ನ ಮುಂದೆ ಇಟ್ಟಳು. ತಿಂದೆ. ಅಷ್ಟು ರುಚಿಯಾದ ಉಪ್ಪಿನಕಾಯಿಯನ್ನು ಮತ್ತೆ ತಿಂದಿಲ್ಲ.

ಹಾಗೆ ನಕ್ಕರೂ ಅವಳಿಗೆ ಎಲ್ಲ ತಿಳಿದಿತ್ತು. ಒಮ್ಮೆ ಎಮ್ಮೆಯ ಮೈ ತಿಕ್ಕುತ್ತ, ನನ್ನ ಕಡೆ ನೋಡದೆ ಹೇಳಿದಳು: "ದೇವರಿಶಿ ಲಿಂಬಿಹಣ್ಣ ಕೊಯ್ದ್ರ ಕಾಲ ಬೀಳತಾರ. ನಾ ಉಪ್ಪಿನಕಾಯಿಗೆ ಕೊಯ್ದ್ರೂ ಅಂಜತಾರ. ಅಂವಾ ಗಂಡಸು. ನಾ ಒಬ್ಬಾಕಿನ ಇರೂ ಹೆಂಗಸು. ಅಷ್ಟ ಫರಕ, ತಂಗಿ." ನನಗೆ ಕಾಲೇಜಿನಲ್ಲಿ ಯಾರೂ ಅದನ್ನು ಇಷ್ಟು ಸರಳವಾಗಿ ಹೇಳಿರಲಿಲ್ಲ.

ಅದಾಗಿ ಕೆಲವು ದಿನಕ್ಕೆ, ಒಂದು ಸಂಜೆ, ನಮ್ಮ ಅವ್ವ ಹಟದಿಂದ ನನ್ನ ಕೈಗೆ ವಾಟಿ ಕೊಟ್ಟಳು. "ಹೋಗು, ಹೆಪ್ಪ ತಗೊಂಬಾ. ಯಾರರ ಒಬ್ಬರು ಹೋಗಬೇಕ" ಅಂದಳು. ಆಗಲೇ ದೀಪ ಹಚ್ಚಿಯಾಗಿತ್ತು. ಕಾಕು ಅಡುಗೆಮನೆಯಲ್ಲಿ ತೂಗುಹಾಕಿದ ನೆಲುವಿನಿಂದ ಗಡಿಗೆ ಇಳಿಸಿ ಹೆಪ್ಪು ಹಾಕಿ, ಡಬ್ಬಿಯಿಂದ ಒಂದು ಮೆಣಸಿನಕಾಯಿ ತೆಗೆದಳು.

"ಕಾಕು, ಅದ ಬ್ಯಾಡ ಈಗ."

"ಯಾಕ? ಯಾರೋ ಏನೋ ಅಂದಾರಂತ ನಿನ್ನ ಕತ್ತಲದಾಗ ಹಂಗ ಬರೇ ಕಳಸಲೇನ?" ಎಂದು ಮೆಣಸಿನಕಾಯಿಯನ್ನು ವಾಟಿಯಲ್ಲಿ ಊರಿದಳು.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಮೋಟಾರ್ ಸೈಕಲ್‌ಗಳ ಸದ್ದು. ಒಂದಾದ ಮೇಲೆ ಒಂದು ನಿಂತವು. ಕಿಟಕಿಯಿಂದ ನೋಡಿದೆ. ಮುಂದೆ ಮೂಲೆಮನೆಯ ಅಣ್ಣ, ಅವನ ಪಕ್ಕದಲ್ಲಿ ಕಾಕುವಿನ ಮೈದುನನ ಮಗ, ಹಿಂದೆ ಓಣಿಯ ಗಂಡಸರು, ಅವರ ಹಿಂದೆ ಹೆಂಗಸರು. ಎಲ್ಲರೂ ನಾನು ಹುಟ್ಟಿದಂದಿನಿಂದ ಕಂಡ ಮುಖಗಳು. ಯಾವ ಮುಖವೂ ನನಗೆ ಗುರುತು ಹತ್ತಲಿಲ್ಲ. ಕೂಸಿಗೆ ಆ ಸಂಜೆ ಮತ್ತೆ ಸೆಟೆತ ಬಂದಿತ್ತಂತೆ.

ನಾನು ಬಾಗಿಲಿಗೆ ಅಗಳಿ ಹಾಕಿ ಪೊಲೀಸರಿಗೆ ಫೋನ್ ಮಾಡಿದೆ. ಆ ಕಡೆಯ ಹೆಣ್ಣುದನಿ ಊರು, ಓಣಿ ಕೇಳಿ, "ಗಾಡಿ ಬರತೈತ್ರಿ, ನೀವು ಬಾಗಲಾ ತಗೀಬ್ಯಾಡ್ರಿ" ಅಂತು. ಕಾಕು ಕೇಳಿಸಿಕೊಂಡಳು. ತುರುಬು ಬಿಚ್ಚಿ ಬಿಗಿಯಾಗಿ ಕಟ್ಟಿದಳು. ತಲೆಯ ಮೇಲೆ ಸೆರಗು ಹೊದ್ದಳು.

"ಅಗಳಿ ತಗಿ."

"ಬ್ಯಾಡ ಕಾಕು."

"ಮುರದ ಒಳಗ ಬಂದ್ರ ನೀನೂ ಸಿಗತಿ. ಮತ್ತ ಈ ಬಾಗಲಾ ಸಾಗವಾನಿದ್ದು, ನಮ್ಮ ಮಾಂವಾರು ಮಾಡಿಸಿದ್ದು. ಇಂಥಾದ್ದ ಇನ್ನ ಯಾರ ಮಾಡಸತಾರ?" ಅಂದಳು. ಅವಳೇ ಅಗಳಿ ತೆಗೆದು, ಹೊಸ್ತಿಲ ಮೇಲೆ ಕೂತಳು. ನಾನು ಅವಳ ಬೆನ್ನಿಗೆ ನಿಂತೆ. ಕೈಯಲ್ಲಿ ವಾಟಿ ಹಾಗೇ ಇತ್ತು. ಅದನ್ನು ಕೆಳಗಿಡಬೇಕು ಎಂಬುದೂ ನನಗೆ ಹೊಳೆಯಲಿಲ್ಲ.

"ಏಳ ಮ್ಯಾಲ. ಗುಡಿಗೆ ನಡಿ. ಮಾಡಿದ್ದ ತಗೀತೇನಿ ಅಂತ ದೇವರ ಮುಂದ ಹೇಳು" ಅಂದ ಅಣ್ಣ. ಅವನ ಕಣ್ಣು ಅತ್ತು ಕೆಂಪಾಗಿದ್ದವು.

"ನಾ ಏನ ಮಾಡೇನಪಾ, ತಗಿಯಾಕ?"

"ಬಾಯಿ ಮಾಡಬ್ಯಾಡ!" ಹಿಂದಿನಿಂದ ಯಾರೋ ಕೂಗಿದರು. "ತಲಿ ಬೋಳಿಸಿದ್ರ ತಾನ ಒಪ್ಪತಾಳ." ಯಾರ ಕೈಯಲ್ಲೋ ಕತ್ತರಿ ಮಿಂಚಿತು. ಮೈದುನನ ಮಗ ಮೋಟಾರ್ ಸೈಕಲ್ಲಿನ ಟ್ಯಾಂಕಿನಿಂದ ಒಂದು ಬಾಟಲಿಗೆ ಪೆಟ್ರೋಲ್ ಬಿಡುತ್ತಿದ್ದ. ಅದರ ವಾಸನೆ ಬಂತು. ಆ ವಾಸನೆಯನ್ನು ನನ್ನ ಮೂಗು ಇನ್ನೂ ಬಿಟ್ಟಿಲ್ಲ. ಪೆಟ್ರೋಲ್ ಪಂಪಿನ ಮುಂದೆ ಬಸ್ಸು ನಿಂತರೆ ನಾನು ಉಸಿರು ಬಿಗಿಹಿಡಿಯುತ್ತೇನೆ.

ಇಬ್ಬರು ಅವಳನ್ನು ದಾಟಿ ಒಳಗೆ ನುಗ್ಗಿದರು. ಅಡುಗೆಮನೆಯಲ್ಲಿ ಗಡಿಗೆಗಳು ಒಡೆದವು. ಮೊಸರು ಹರಿದು ಬಂದು ನನ್ನ ಕಾಲು ತಣ್ಣಗಾಯಿತು. ಹೊರಗೆ ಬರುವಾಗ ಅವರಲ್ಲೊಬ್ಬ ನನ್ನ ಕೈ ನೋಡಿದ.

"ಇದ್ರಾಗೂ ಐತಿ ನೋಡ್ರಿ ಮೆಣಸಿನಕಾಯಿ! ಕಾಲೇಜ ಕಲತಾಕಿ ನೀನೂ ಈಕಿ ಶಿಷ್ಯಾ ಏನ?"

ಎಲ್ಲರ ಕಣ್ಣು ನನ್ನ ಕಡೆ ತಿರುಗಿದವು. ನಾನು ವಾಟಿಯನ್ನು ಎದೆಗೆ ಅವಚಿಕೊಂಡೆ. ಕಾಕು ಹಿಂದೆ ತಿರುಗದೆಯೇ ಎಡಗೈಯನ್ನು ಹಿಂದಕ್ಕೆ ಚಾಚಿ ನನ್ನ ಕಾಲು ಹಿಡಿದುಕೊಂಡಳು. "ಆ ಹುಡಗಿನ್ನ ಬಿಡ್ರಿ. ಆಕಿ ಹೆಪ್ಪಿಗೆ ಬಂದಾಕಿ. ಮಾತು ನನ್ನ ಕೂಡ ಐತಿ."

ಅಣ್ಣ ಅವಳ ಬಲಗೈ ಹಿಡಿದು ಎಳೆದ. ಅವಳು ಬಾಗಿಲಿನ ಚೌಕಟ್ಟನ್ನು ಹಿಡಿದಿದ್ದಳು. ಅವನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಕೊನೆಗೆ ಉಳಿದದ್ದು ಕಿರುಬೆರಳು. ಆಗ ಆ ಸದ್ದು ಬಂತು.

ಅವಳು ಮುರಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಮಾತಾಡಿದ್ದು ಗಂಡಸರ ಜೊತೆಗಲ್ಲ, ಅವರ ಹಿಂದೆ ನಿಂತ ಹೆಂಗಸರ ಜೊತೆಗೆ.

"ನನ್ನ ಗಡಿಗಿ ಒಡದ್ರಿ. ಆತು. ಖರೆ ನನ್ನ ಹೆಪ್ಪ ನಿಮ್ಮೆಲ್ಲಾರ ಮನ್ಯಾಗ ಐತೆಲ್ಲ? ನಿಮ್ಮ ಮಕ್ಕಳ ಹೊಟ್ಟ್ಯಾಗ ಐತೆಲ್ಲ? ಅದೂ ಮಾಟ ಇದ್ರ ನಿಮ್ಮ ನಿಮ್ಮ ಗಡಿಗಿ ತರ್ರಿ, ಇಲ್ಲೇ ನನ್ನ ಮುಂದ ಒಡೀರಿ. ಎಲ್ಲಾರ ಮನಿದೂ ಒಡದ ಮ್ಯಾಲ ನನ್ನ ಕೂದಲಿಗೆ ಕೈ ಹಚ್ಚರಿ. ನಾ ಇಲ್ಲೇ ಕುಂತಿರತೇನಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಅವಳು ಗೆದ್ದಳೆಂದು ನಾನು ಅಂದುಕೊಂಡೆ. ಆಗ ಹೆಂಗಸರ ನಡುವಿನಿಂದ ಒಬ್ಬಳು ತನ್ನ ಮನೆಗೆ ಓಡಿದಳು. ಗಡಿಗೆ ತಂದಳು. ಕಾಕುವಿನ ಮುಖ ನೋಡದೆ ಅದನ್ನು ಕಟ್ಟೆಗೆ ಅಪ್ಪಳಿಸಿದಳು. ಅವಳ ಹಿಂದೆ ಇನ್ನೊಬ್ಬಳು. ಈ ಎರಡನೆಯವಳ ಎರಡೂ ಹೆರಿಗೆಗಳಲ್ಲಿ ಬಾಣಂತನಕ್ಕೆ ತುಪ್ಪ ಕಾಸಿ ಕೊಟ್ಟವಳು ಕಾಕು. ಮೂರನೆಯವಳು ಮನೆಯ ಕಡೆ ಹೊರಟಳು. ಗಂಡಸರು ಗೆಲುವಿನ ಸದ್ದು ಮಾಡಿದರು. ಕಾಕುವಿನ ಮಾತು ಅವಳಿಗೇ ತಿರುಗಿ ಬಿದ್ದಿತ್ತು. ಎಲ್ಲ ಗಡಿಗೆಗಳೂ ಒಡೆಯುವುದನ್ನು, ಆಮೇಲೆ ಕತ್ತರಿಯನ್ನು, ಆಮೇಲೆ ಆ ಬಾಟಲಿಯನ್ನು ನಾನು ಕಣ್ಣ ಮುಂದೆ ಕಂಡೆ. ಇಂದಿಗೂ ಕನಸಿನಲ್ಲಿ ಕಾಣುವುದು ಅದೇ, ನಡೆಯದೆ ಉಳಿದದ್ದು.

ಆಗ ಮೂಲೆಮನೆಯ ಬಾಗಿಲು ತೆರೆಯಿತು. ಆಯಿ ಮೊಮ್ಮಗನನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದಳು. ಹಿಂದೆ ವೈನಿ ಅಳುತ್ತ ಬಂದಳು. ಜನ ದಾರಿ ಬಿಟ್ಟರು. ಆಯಿಯೂ ಗಡಿಗೆ ಒಡೆಯಲು ಬಂದಳೆಂದೇ ಎಲ್ಲರೂ ತಿಳಿದಿದ್ದರು. ಅವಳು ಬಂದು ನನ್ನ ಕೈಯ ವಾಟಿಯಿಂದ ಮೆಣಸಿನಕಾಯಿ ಎತ್ತಿ, ಮಗನ ಮುಖದ ಮುಂದೆ ಹಿಡಿದಳು.

"ಇದನ್ನ ಇಡೂದ ಈಕಿಗೆ ಕಲಿಸಿದಾಕಿ ಯಾರ ಗೊತ್ತೈತೇನ? ನಾನ."

"ಅವ್ವಾ, ನೀ ಒಳಗ ನಡಿ."

"ಒಳಗ ಕುಂತ ಸಾಕಾಗೇತಿ. ಈಕಿ ಲಗ್ನಾಗಿ ಬಂದಾಗ ಈಕಿ ಮನ್ಯಾಗ ಎಮ್ಮಿ ಇರಲಿಲ್ಲ. ಮೊದಲ ಸಲ ಹೆಪ್ಪ ಕೊಟ್ಟಾಕಿ ನಾನು. ದೀಪ ಹಚ್ಚಿದ ಮ್ಯಾಲ ಕೊಟ್ಟೆ, ಮೆಣಸಿನಕಾಯಿ ಇಟ್ಟ ಕೊಟ್ಟೆ. ಆ ಹೆಪ್ಪನ ಈಕಿ ಇಷ್ಟ ವರ್ಷ ಕಾದಾಳ. ಓಣಿಗೆಲ್ಲಾ ಹಂಚ್ಯಾಳ. ಅದು ನಮ್ಮ ಮನಿ ಹೆಪ್ಪೋ! ಮಾಟ ಅಂದ್ರ ನಿಮ್ಮವ್ವಂದ ಮಾಟ. ಎಲ್ಲಿ ಐತಿ ಕತ್ತರಿ? ತಾ ಇತ್ತ. ಮೊದಲ ನನ್ನ ಕೂದಲ ಕತ್ತರಸು."

ಅವಳು ಸೆರಗು ಸರಿಸಿ, ಬಿಳಿಯ ಸಣ್ಣ ತುರುಬನ್ನು ಬಿಚ್ಚಿ, ಕಾಕುವಿನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕೂಸು ಇಬ್ಬರ ನಡುವೆ ಇತ್ತು. ಕಾಕು ಎಡಗೈಯಿಂದ ಅದರ ಹಣೆ ಮುಟ್ಟಿ ನೋಡಿ, "ಯವ್ವಾ, ಸುಡಾಕತ್ತೈತಿ. ಇಲ್ಲಿ ನಾಟಕ ಮಾಡಕೋತ ನಿಂತೀರಲ್ಲ, ಇದನ್ನ ದವಾಖಾನಿಗೆ ಒಯ್ಯೂದ ಬಿಟ್ಟು" ಅಂದಳು.

ಯಾರ ಮನಸ್ಸೂ ಒಮ್ಮೆಲೇ ಕರಗಲಿಲ್ಲ. ಹಿಂದಿನವರು ಮೊದಲು ಸರಿದರು. ಗೊಣಗುತ್ತ ಹೋದರು. ಕತ್ತರಿ ಯಾರದೆಂದು ಯಾರೂ ಒಪ್ಪಲಿಲ್ಲ. ಬಾಟಲಿ ಗಟಾರದಲ್ಲಿ ಬಿದ್ದಿತ್ತು. ಪೊಲೀಸರ ಜೀಪು ಬಂದಾಗ ಓಣಿಯಲ್ಲಿ ಉಳಿದದ್ದು ಒಡೆದ ಗಡಿಗೆಗಳು ಮತ್ತು ಅವನ್ನು ನೆಕ್ಕುತ್ತಿದ್ದ ನಾಯಿಗಳು. ಕಾಕು ಅವರಿಗೆ ಹೇಳಿದ ಮೊದಲ ಮಾತು, "ಕೇಸ ಆಮ್ಯಾಲ ಬರಕೋರ್ರಿ ಸಾಹೇಬ್ರ, ಮೊದಲ ಈ ಕೂಸಿನ್ನ ಒಯ್ರಿ." ಹೀಗೆ ಅದೇ ಜೀಪಿನಲ್ಲಿ ನಾವೆಲ್ಲ ತಾಲೂಕು ದವಾಖಾನೆಗೆ ಹೋದೆವು. ವೈನಿಯ ತೊಡೆಯ ಮೇಲೆ ಕೂಸು, ಆಯಿಯ ತೊಡೆಯ ಮೇಲೆ ಕಾಕುವಿನ ಮುರಿದ ಕೈ. ಅಣ್ಣ ಹಿಂದೆ ಪೊಲೀಸನ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ. ದಾರಿಯ ನಡುವೆ ಒಮ್ಮೆ ಕಾಕು, "ಎಮ್ಮಿ ಹಿಂಡೂದ ಉಳೀತು" ಅಂದಳು.

ಕೂಸು ಉಳಿಯಿತು. ಎದೆಯಲ್ಲಿ ಕಫ ಕಟ್ಟಿ ಬಂದ ಜ್ವರವಂತೆ. ಅರ್ಧಕ್ಕೆ ಬಿಟ್ಟ ಔಷಧವನ್ನು ಪೂರ್ತಿ ಕೊಟ್ಟಿದ್ದರೆ ಇಷ್ಟು ಏರುತ್ತಿರಲಿಲ್ಲ ಎಂದರು ಡಾಕ್ಟರು. ಕಾಕುವಿನ ಬೆರಳು ಮಾತ್ರ ನೆಟ್ಟಗೆ ಕೂಡಲಿಲ್ಲ.

ಆಮೇಲೆ ನಾನು ಕೇಳಿದೆ. "ಕಾಕು, ಅದು ಆಯಿ ಮನಿ ಹೆಪ್ಪ ಅಂತ ನೀನ ಯಾಕ ಹೇಳಲಿಲ್ಲ? ಒಂದ ಮಾತ ಅಂದಿದ್ರ ಮುಗೀತಿತ್ತಲ್ಲ?"

ಅವಳು ಪಟ್ಟಿ ಕಟ್ಟಿದ ಕೈಯನ್ನು ನೋಡುತ್ತ ಕೂತಿದ್ದಳು. "ಮುಗೀತಿರಲಿಲ್ಲ ಮಗಳ. ನನ್ನ ಬಿಟ್ಟ ಆಕಿನ್ನ ಹಿಡೀತಿದ್ರು. ಆಕೀನೂ ಗಂಡಿಲ್ಲದಾಕಿ. ಆಕಿ ಹೇಳಬೇಕಾದ್ದನ್ನ ನಾ ಹ್ಯಾಂಗ ಹೇಳಲಿ? ಹೇಳತಾಳ ಅಂತ ಗೊತ್ತಿತ್ತು."

"ಹೇಳದಿದ್ರ?"

ಅವಳು ಪಟ್ಟಿಯಿಂದ ಎದ್ದ ನೂಲೊಂದನ್ನು ಎಡಗೈಯಿಂದ ಕಿತ್ತಳು. ಗಡಿಗೆಗಳು ಒಡೆಯುತ್ತಿದ್ದಾಗ, ಬೆರಳು ಮುರಿದು ನೇತಾಡುತ್ತಿದ್ದಾಗ, ತನ್ನನ್ನು ಬಿಡಿಸಬಲ್ಲ ಮಾತೊಂದನ್ನು ಬಾಯೊಳಗೆ ಇಟ್ಟುಕೊಂಡು ಗೆಳತಿಯ ಬಾಗಿಲನ್ನೇ ನೋಡುತ್ತ ಕೂತಿದ್ದಳು ಅವಳು. ಧೈರ್ಯ ಎಂಬ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಆ ಹೊಸ್ತಿಲು.

ಆಯಿ ಅಷ್ಟು ದಿನ ಯಾಕೆ ಸುಮ್ಮನಿದ್ದಳು ಎಂದು ಕೇಳುವ ಮನಸ್ಸು ನನಗಿತ್ತು. ಕಾಕು ಬಿಡಲಿಲ್ಲ. "ಮಮ್ಮಗ ಸಾಯಾಕತ್ತಿದ್ದ. ಅಂಥಾ ಹೊತ್ತಿನ್ಯಾಗ ಯಾರ ಬಾಯಿ ಬರತೈತಿ? ಬರೂದ್ರಾಗ ಬಂದಾಳ, ಸಾಕು" ಅಂದಳು.

ದವಾಖಾನೆಯಿಂದ ಬಂದ ಮೇಲೆ ಓಣಿಗೆಲ್ಲ ಹೆಪ್ಪು ಕೊಟ್ಟವಳ ಮನೆಯಲ್ಲಿ ಹೆಪ್ಪೇ ಇರಲಿಲ್ಲ. ನಮ್ಮ ಮನೆಯಿಂದ ತರುತ್ತೇನೆ ಅಂದೆ. "ನಿಲ್ಲು" ಅಂದಳು. ಸಂಜೆಯ ತನಕ ಕಾದಳು. ಓಣಿಯಲ್ಲಿ ದೀಪಗಳು ಹತ್ತಿದ ಮೇಲೆ, ಎಡಗೈಯಲ್ಲಿ ವಾಟಿ ಹಿಡಿದು, ಎಲ್ಲರೂ ನೋಡುತ್ತಿರುವಂತೆ ಓಣಿ ದಾಟಿ ಮೂಲೆಮನೆಯ ಬಾಗಿಲಿಗೆ ಹೋಗಿ ನಿಂತಳು.

"ಹೆಪ್ಪ ಕೊಡ್ರೆವ್ವಾ."

ಒಳಗಿನಿಂದ ವೈನಿ ಬಂದಳು. ವಾಟಿ ತೆಗೆದುಕೊಂಡು ಹೋದವಳು ಬಹಳ ಹೊತ್ತು ಬರಲಿಲ್ಲ. ಬಂದಾಗ ವಾಟಿಯಲ್ಲಿ ಹೆಪ್ಪಿತ್ತು. ಹೆಪ್ಪಿನಲ್ಲಿ ಒಂದು ಒಣ ಮೆಣಸಿನಕಾಯಿ ಇತ್ತು. ಕಾಕು ಅದನ್ನು ನೋಡಿ, "ಶ್ಯಾಣ್ಯಾ ಹುಡಗಿ" ಅಂದಳು. ವೈನಿ ಬಾಗಿಲಿಗೆ ತಲೆಯೊತ್ತಿ ಅತ್ತಳು.

ಇದನ್ನು ಕೇಳಿದವರು ಕಾಕು ಎಲ್ಲರನ್ನೂ ಕ್ಷಮಿಸಿದಳು ಎಂದುಕೊಳ್ಳುತ್ತಾರೆ. ಹಾಗಲ್ಲ. ಊರ ಹಿರಿಯರು ಬಂದು "ಆದದ್ದ ಆತು, ಕೇಸ ಹಿಂದ ತಗೋ, ಓಣ್ಯಾಗ ಕೂಡಿ ಬಾಳೂ ಮಂದಿ ನಾವು" ಅಂದಾಗ ಅವಳು ಚಹಾ ಮಾಡಿ ಕೊಟ್ಟಳು. ಅವರು ಕುಡಿದು ಮುಗಿಸಿದ ಮೇಲೆ ಹೇಳಿದಳು: "ಹೆಪ್ಪ ಕೇಳೂದ ಬ್ಯಾರೆ, ಬೆರಳ ಮುರದದ್ದ ಬ್ಯಾರೆ. ಕೂಡಿ ಬಾಳೂದ ಓಣ್ಯಾಗ ಬಾಳತೇನ್ರಿ. ಕೇಸ ಕೋರ್ಟಿನ್ಯಾಗ ಬಾಳಲಿ." ಹಿರಿಯರು ಎದ್ದು ಹೋದರು. ಅಣ್ಣನ ಹೆಸರನ್ನೂ ಮೈದುನನ ಮಗನ ಹೆಸರನ್ನೂ ಅವಳು ಹಿಂದೆ ತೆಗೆದುಕೊಳ್ಳಲಿಲ್ಲ. ಕೋರ್ಟಿಗೆ ಹೋಗುವ ದಿನ ಆಯಿ ಅವಳ ಎಮ್ಮೆ ನೋಡಿಕೊಳ್ಳುತ್ತಿದ್ದಳು. ಮಗನ ವಿರುದ್ಧದ ಕೇಸು ಅದು. ಆದರೂ ಹುಲ್ಲು ಹಾಕುತ್ತ, "ಲಗೂ ಬಾ ಬೇ, ನಿನ್ನ ಎಮ್ಮಿ ನನಗ ಒದೀತೈತಿ" ಎಂದು ಕೂಗುತ್ತಿದ್ದಳು.

ನಾನು ಆ ಕೇಸಿನ ಸಾಕ್ಷಿ. ಈಗ ನಿಪ್ಪಾಣಿಯ ಕಡೆ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕರೆ ಬಂದಾಗ ರಜೆ ಹಾಕಿ ಹೋಗುತ್ತೇನೆ. ಮೊದಲ ಸಲ ಕಟಕಟೆಯಲ್ಲಿ ನಿಂತಾಗ ಆ ಕಡೆಯ ವಕೀಲರು, "ಕತ್ತಲಾಗಿತ್ತು, ನೀವು ಹೆದರಿದ್ದಿರಿ, ಯಾರು ಎಳೆದರೆಂದು ಹೇಗೆ ಗೊತ್ತು?" ಎಂದು ಕೇಳಿದರು. ಹೊಸ್ತಿಲ ಮೇಲೆ ಕೂತು ನನ್ನ ಕಾಲು ಹಿಡಿದುಕೊಂಡ ಆ ಎಡಗೈ ನೆನಪಾಯಿತು. "ದೀಪ ಹಚ್ಚಿತ್ರಿ" ಅಂದೆ.

ಕಾಕು ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಎಮ್ಮೆ ಹಿಂಡಿ ಬಂದು, ಹಾಲು ಒಲೆಗಿಟ್ಟು, ಗೋಡೆಗೆ ಒರಗಿ ಕೂತವಳು ಏಳಲಿಲ್ಲ. ಹಾಲು ಉಕ್ಕಿದ ವಾಸನೆಗೆ ಆಯಿ ಬೈಯುತ್ತ ಒಳಗೆ ಹೋಗಿ ನೋಡಿದಳಂತೆ.

ಸುದ್ದಿ ಕೇಳಿ ನಾನು ಹೋದೆ. ಪುಣೆಯಿಂದ ಮಗಳು ಬರುವುದು ತಡವಾಯಿತು. ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು. ಅವಳು ಬಂದು ತಾಯಿಯ ಮುಖ ನೋಡುವಷ್ಟರಲ್ಲಿ ಹೊತ್ತು ಮುಳುಗಿತ್ತು. ಓಣಿಯಲ್ಲಿ ದೀಪ ಹಚ್ಚಿಯಾಗಿತ್ತು. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಕಾಕುವನ್ನು ಕಟ್ಟೆಯ ಮೇಲೆ ಕೂರಿಸಿದ್ದರು. ಅಂದು ಗಡಿಗೆ ಒಡೆದ ಹೆಂಗಸರೂ ಬಂದಿದ್ದರು. ಅಣ್ಣ ದೂರದಲ್ಲಿ, ಮೂಲೆಮನೆಯ ಕಂಬಕ್ಕೆ ಒರಗಿ ನಿಂತಿದ್ದ. ಎತ್ತಲು ಗಂಡಸರು ಕೈ ಹಾಕಿದಾಗ ಆಯಿ, "ತಡೀರಿ" ಅಂದಳು.

ಕೋಲೂರಿಕೊಂಡು ಒಳಗೆ ಹೋದಳು. ಡಬ್ಬಿ ತೆರೆದ ಸದ್ದಾಯಿತು. ಹೊರಗೆ ಬಂದು, ಗೆಳತಿಯ ಬಲಗೈ ಬಿಡಿಸಿ, ಅದರೊಳಗೆ ಏನೋ ಇಟ್ಟು, ಆ ಸೊಟ್ಟ ಕಿರುಬೆರಳು ಸಮೇತ ಎಲ್ಲ ಬೆರಳುಗಳನ್ನು ಮೆಲ್ಲಗೆ ಮಡಿಚಿದಳು.

"ದೀಪ ಹಚ್ಚಿದ ಮ್ಯಾಲ ಹೊಂಟಾಳ" ಅಂದಳು. "ಹಂಗ ಬರೇ ಕಳಸಬಾರದು."

ಮಡಿಚಿದ ಬೆರಳುಗಳ ಸಂದಿಯಲ್ಲಿ ಅದರ ಕೆಂಪು ತುದಿ ಕಾಣುತ್ತಿತ್ತು. ಓಣಿಯೆಲ್ಲ ನಿಂತು ನೋಡಿತು. ಈ ಸಲ ಅದೇನೆಂದು ಯಾರೂ ಕೇಳಲಿಲ್ಲ.